ಸರ್ವರ್ ಕೂಗಿತ್ತು, ಕೇಳೋರಿರಲಿಲ್ಲ

ಕರ್ನಾಟಕದಲ್ಲಿ ಇವತ್ತು ಎಲ್ಲರ ಬಾಯಲ್ಲೂ ಇರೋ ಇಂಗ್ಲಿಷ್ ಮಾತು ಯಾವುದು ಗೊತ್ತಾ? ಐ ಲವ್ ಯೂ ಅಲ್ಲ ಸ್ವಾಮಿ. 'ಸರ್ವರ್ ಡೌನ್'.

ಪಿಂಚಣಿ ಕೇಳಲು ಬಂದ ಅಜ್ಜಿಗೂ ಗೊತ್ತು, ಪಹಣಿ ತೆಗೆಸಲು ಬಂದ ರೈತನಿಗೂ ಗೊತ್ತು. ಸರ್ವರ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೂ ಅದು ಡೌನ್ ಆಗುತ್ತೆ ಅನ್ನೋದು ಗೊತ್ತು. ಮಳೆ, ಸಿಡಿಲು, ಭೂಕಂಪದ ಸಾಲಿಗೆ ಅದನ್ನೂ ಸೇರಿಸಿಬಿಟ್ಟಿದ್ದೇವೆ. ಯಾರ ತಪ್ಪೂ ಇಲ್ಲ, ನಾಳೆ ಬನ್ನಿ ಅಷ್ಟೇ.

ನಾನು ಇಂಜಿನಿಯರಿಂಗ್ ಓದಿ ಮೈಕ್ ಹಿಡಿದವನು. ಓದಿದ್ದರಲ್ಲಿ ಮುಕ್ಕಾಲು ಪಾಲು ಮರೆತಿದ್ದೇನೆ. ಆದರೆ ಒಂದು ಪಾಠವನ್ನು ಮಾತ್ರ ಪೆಟ್ಟು ತಿಂದು ಕಲಿತೆ. ಸರ್ವರ್‌ಗಳು ಬಹಳಷ್ಟು ಸಲ ದಿಢೀರ್ ಅಂತ ಸಾಯೋದಿಲ್ಲ. ಸಾಯೋದಕ್ಕೆ ಮೊದಲು ಹೇಳುತ್ತವೆ.

ಒಮ್ಮೆ ನನಗೊಂದು ಫೋನ್ ಬಂತು. ಘಟಪ್ರಭಾ ತೀರದ ಒಂದು ಊರಿನ ಹುಡುಗ. '2019ರ ಪ್ರವಾಹದಾಗ ನೀವು ನಮ್ಮ ಅಜ್ಜಿನ್ನ ಮಾತಾಡ್ಸಿದ್ರಿ ಸರ್. ಅಕಿ ಹೋದ ತಿಂಗಳು ತೀರ್ಕೊಂಡ್ಲು. ಆ ವಿಡಿಯೋ ಕೊಡ್ತೀರೇನ್ರೀ?' ನನಗೆ ಚೆನ್ನಾಗಿ ನೆನಪಿತ್ತು. ಪರಿಹಾರ ಕೇಂದ್ರದಲ್ಲಿ ಕೂತು ಆ ಅಜ್ಜಿ ಇಪ್ಪತ್ತು ನಿಮಿಷ ಮಾತಾಡಿದ್ದರು. ನಾವು ಪ್ರಸಾರ ಮಾಡಿದ್ದು ನಲವತ್ತು ಸೆಕೆಂಡ್. ಉಳಿದದ್ದು ಆಗ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯ ಸರ್ವರ್‌ನಲ್ಲಿತ್ತು. 'ಎರಡು ದಿನ ಕೊಡಪ್ಪ, ಕಳಿಸ್ತೀನಿ' ಅಂದೆ.

ಆ ಭಾನುವಾರವೇ ಸರ್ವರ್ ಸತ್ತಿತ್ತು.

ಸರ್ವರ್ ಕೋಣೆಗೆ ಬೀಗ. ಕೀ ಇದ್ದವರು ಊರಲ್ಲಿಲ್ಲ. ಅಂತೂ ಬಾಗಿಲು ತೆಗೆದಾಗ ಎರಡು ಡಿಸ್ಕ್‌ಗಳ ಮೇಲೆ ಹಳದಿ ದೀಪ ಮಿಣುಕುತ್ತಿತ್ತು. ಡಿಸ್ಕ್‌ಗಳನ್ನು ಜೋಡಿಸಿದ್ದ ವಿಧಾನಕ್ಕೆ ರೇಡ್ 5 ಅಂತಾರೆ. ನಾಲ್ಕು ಜನ ಹೊತ್ತ ಪಲ್ಲಕ್ಕಿ ಅಂದ್ಕೊಳ್ಳಿ. ಒಬ್ಬ ಕುಸಿದರೆ ಉಳಿದ ಮೂವರು ಹೇಗೋ ಹೊರುತ್ತಾರೆ. ಅಷ್ಟರಲ್ಲಿ ಅವನ ಜಾಗಕ್ಕೆ ಇನ್ನೊಬ್ಬನನ್ನು ತರಬೇಕು. ತರದೇ ಇದ್ದು ಎರಡನೆಯವನೂ ಕುಸಿದರೆ ಪಲ್ಲಕ್ಕಿ ನೆಲಕ್ಕೆ.

ಲಾಗ್ ತೆಗೆದು ನೋಡಿದೆವು. ಮೊದಲ ಡಿಸ್ಕ್ ಕೆಟ್ಟು ಮೂರು ತಿಂಗಳಾಗಿತ್ತು. ಕೆಟ್ಟ ಅದೇ ನಿಮಿಷಕ್ಕೆ ಸರ್ವರ್ ಒಂದು ಇಮೇಲ್ ಕೂಡ ಕಳಿಸಿತ್ತು. ಯಾರಿಗೆ? ಕೆಲಸ ಬಿಟ್ಟು ಒಂದು ವರ್ಷವಾಗಿದ್ದ ಇಂಜಿನಿಯರ್‌ಗೆ. ಅವರು ಹೋಗಿದ್ದರು, ಅವರ ಮೇಲ್‌ಬಾಕ್ಸ್ ಇತ್ತು. ತೆರೆಯೋರು ಇರಲಿಲ್ಲ. ಬೇರೆ ಕಡೆ ಬ್ಯಾಕಪ್ಪೂ ಇರಲಿಲ್ಲ. ರೇಡ್ ಇದೆಯಲ್ಲ ಅನ್ನೋ ಧೈರ್ಯ.

ಯಂತ್ರ ತನ್ನ ಕೆಲಸ ಮಾಡಿತ್ತು. ಮಾಡದೇ ಇದ್ದವರು ನಾವು.

ಹಾಗಾದರೆ ಸತ್ತ ಸರ್ವರ್‌ನ ಕಥೆ ನಮಗೆ ಹೇಳಿದ್ದು ಯಾರು? ಸರ್ವರ್‌ನ ಮದರ್‌ಬೋರ್ಡ್ ಮೇಲೆ ಇನ್ನೊಂದು ಪುಟಾಣಿ ಕಂಪ್ಯೂಟರ್ ಇರುತ್ತೆ. ಅದರ ಹೆಸರು ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್, ಚಿಕ್ಕದಾಗಿ ಬಿಎಂಸಿ. ಅದಕ್ಕೆ ಸ್ವಂತ ಪ್ರೊಸೆಸರ್, ಸ್ವಂತ ಮೆಮೊರಿ, ಹೆಚ್ಚಿನ ಸರ್ವರ್‌ಗಳಲ್ಲಿ ಸ್ವಂತ ನೆಟ್‌ವರ್ಕ್ ಪೋರ್ಟ್. ಸರ್ವರ್ ಆಫ್ ಆಗಿದ್ದರೂ ಇದು ಎಚ್ಚರವಾಗಿರುತ್ತೆ, ವಿದ್ಯುತ್ ವೈರ್ ಸಿಕ್ಕಿಸಿದ್ದರೆ ಸಾಕು. ಯಜಮಾನ ಮಲಗಿದ ಮೇಲೂ ಮನೆ ಕಾಯೋ ಕಾವಲುಗಾರ ಇದ್ದ ಹಾಗೆ.

ಏನೇನು ನೋಡುತ್ತೆ ಇದು? ಒಳಗಿನ ಬಿಸಿ, ಫ್ಯಾನ್‌ಗಳ ವೇಗ, ವೋಲ್ಟೇಜ್, ಎರಡು ಪವರ್ ಸಪ್ಲೈಗಳಲ್ಲಿ ಯಾವುದು ಕೈಕೊಟ್ಟಿದೆ, ಮೆಮೊರಿಯಲ್ಲಿ ತಪ್ಪು ಕಾಣಿಸಿಕೊಳ್ಳುತ್ತಿದೆಯಾ, ಎಲ್ಲವನ್ನೂ. ಕಂಡದ್ದನ್ನು ತಾರೀಖು ಸಮೇತ ಬರೆದಿಡುತ್ತೆ. ಅಷ್ಟೇ ಅಲ್ಲ. ಬೆಂಗಳೂರಲ್ಲಿ ಕೂತು ಬೀದರ್‌ನ ಸರ್ವರ್ ಆಫ್ ಮಾಡಿ ಆನ್ ಮಾಡಬಹುದು, ಅದರ ಸ್ಕ್ರೀನ್ ನೋಡಬಹುದು, ಆಪರೇಟಿಂಗ್ ಸಿಸ್ಟಂ ಪೂರ್ತಿ ಕೆಟ್ಟಿದ್ದರೆ ಹೊಸದಾಗಿ ಹಾಕಲೂಬಹುದು. ರಾತ್ರಿ ಬಸ್ ಹತ್ತೋ ಕೆಲಸ ಇಲ್ಲ.

ಇದು ಮೊನ್ನೆ ಬಂದ ತಂತ್ರಜ್ಞಾನವೂ ಅಲ್ಲ. ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಕಂಪನಿಗಳು ಸೇರಿ 1998ರಲ್ಲೇ ಐಪಿಎಂಐ ಅನ್ನೋ ನಿಯಮಾವಳಿ ತಂದವು. 2015ರಲ್ಲಿ ಅದಕ್ಕಿಂತ ಹೊಸದಾದ, ಸುರಕ್ಷಿತವಾದ ರೆಡ್‌ಫಿಶ್ ಬಂತು. ಡೆಲ್‌ನವರು ಇದನ್ನು ಐಡ್ರ್ಯಾಕ್ ಅಂತ ಮಾರುತ್ತಾರೆ, ಎಚ್‌ಪಿಇಯವರು ಐಎಲ್‌ಒ ಅಂತಾರೆ. ಹೆಸರು ಬೇರೆ, ಕಾವಲುಗಾರ ಅವನೇ. ನಿಮ್ಮ ಕಚೇರಿಯ ಸರ್ವರ್‌ನಲ್ಲೂ ಬಹುಶಃ ಇದ್ದಾನೆ. ಅವನ ಪೋರ್ಟ್‌ಗೆ ಕೇಬಲ್ ಹಾಕಿದ್ದಾರಾ, ಒಮ್ಮೆ ಕೇಳಿ ನೋಡಿ.

ಸರಿ, ಕೇಬಲ್ ಹಾಕಿದ ಮೇಲೆ? ಮಾಡಬೇಕಾದ ಕೆಲಸ ಒಂದು ಮಧ್ಯಾಹ್ನದಷ್ಟು ಮಾತ್ರ.

ಮೊದಲು ಗಡಿಯಾರ ಸರಿಮಾಡಿ. ಬಿಎಂಸಿಯ ಸಮಯ ತಪ್ಪಿದ್ದರೆ ನಿನ್ನೆ ನಡೆದದ್ದನ್ನು ಅದು 1970ರಲ್ಲಿ ನಡೆಯಿತು ಅಂತ ಬರೆದಿಡಬಹುದು. ಆಮೇಲೆ ಯಾವುದಕ್ಕೆ ಎಚ್ಚರಿಕೆ ಬೇಕು ಅಂತ ತೀರ್ಮಾನಿಸಿ. ಉದಾಹರಣೆಗೆ ಸರ್ವರ್ ಒಳಗೆ ಹೋಗೋ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ ಅನ್ನೋದು ಅಮೆರಿಕದ ಆಶ್ರೇ ಸಂಸ್ಥೆಯ ಶಿಫಾರಸು. ಮೇ ತಿಂಗಳ ಕಲಬುರಗಿಯಲ್ಲಿ ಸರ್ವರ್ ಕೋಣೆಯ ಎಸಿ ನಿಂತರೆ ಈ ಗಡಿ ದಾಟೋದಕ್ಕೆ ಎಷ್ಟು ಹೊತ್ತು ಬೇಕು? ಗಡಿ ದಾಟಿದ ಕೂಡಲೇ ಸುದ್ದಿ ಬರಬೇಕು, ಸರ್ವರ್ ತಾನೇ ಬಂದ್ ಆದ ಮೇಲಲ್ಲ. ಡಿಸ್ಕ್ ವಿಷಯದಲ್ಲಿ ಇನ್ನೊಂದು ಎಚ್ಚರ. ಎಲ್ಲ ಬಿಎಂಸಿಗೂ ಡಿಸ್ಕ್‌ಗಳ ಆರೋಗ್ಯ ಕಾಣೋದಿಲ್ಲ. ಕಾಣದಿದ್ದರೆ ರೇಡ್ ಕಾರ್ಡ್‌ನ ತಂತ್ರಾಂಶದಲ್ಲೇ ಬೇರೆ ಎಚ್ಚರಿಕೆ ಹಾಕಬೇಕು.

ಇನ್ನು ಅತಿ ಮುಖ್ಯವಾದದ್ದು ವಿಳಾಸ. ಎಚ್ಚರಿಕೆ ವ್ಯಕ್ತಿಗೆ ಹೋಗಬಾರದು, ಹುದ್ದೆಗೆ ಹೋಗಬೇಕು. ಮೂರು ಜನ ನೋಡೋ ಒಂದು ಗುಂಪಿನ ಇಮೇಲ್ ಮಾಡಿ. ಒಬ್ಬ ರಜೆ ಹಾಕಬಹುದು, ಒಬ್ಬ ಕೆಲಸ ಬಿಡಬಹುದು, ಮೂವರೂ ಒಂದೇ ದಿನ ಮಾಯವಾಗೋದು ಅಪರೂಪ. ಸೆಟ್ಟಿಂಗ್ಸ್‌ನಲ್ಲಿ ಪರೀಕ್ಷಾ ಮೇಲ್ ಕಳಿಸೋ ಬಟನ್ ಇರುತ್ತೆ. ಅದನ್ನು ಒತ್ತಿ. ಮೇಲ್ ಬಂತಾ? ಸ್ಪ್ಯಾಮ್‌ಗೆ ಹೋಯ್ತಾ? ಇದನ್ನು ತಿಂಗಳಿಗೊಮ್ಮೆ ಮಾಡಿ.

ಆ ಮೇಲ್ ಯಾವ ದಾರಿಯಲ್ಲಿ ಬರುತ್ತೆ ಅನ್ನೋದನ್ನೂ ನೋಡಿ. ನಿಮ್ಮ ಇಮೇಲ್ ವ್ಯವಸ್ಥೆ ಅದೇ ಸರ್ವರ್‌ನಲ್ಲಿದ್ದರೆ, ಸರ್ವರ್ ಸತ್ತಾಗ ಸಾವಿನ ಸುದ್ದಿಯೂ ಅದರ ಜೊತೆಗೇ ಸಾಯುತ್ತೆ. ಅದಕ್ಕೇ ಬೇರೆ ಜಾಗದಲ್ಲಿರೋ ಇನ್ನೊಂದು ಯಂತ್ರ ಕೆಲವು ನಿಮಿಷಕ್ಕೊಮ್ಮೆ 'ಇದ್ದೀಯಾ?' ಅಂತ ಕೇಳುತ್ತಿರಬೇಕು. ಉತ್ತರ ಬರದಿದ್ದರೆ ಆ ಮೌನವೇ ಎಚ್ಚರಿಕೆ.

ಸಣ್ಣ ಕಚೇರಿಗಳ ಸಮಸ್ಯೆ ಇದು ಅಂದ್ಕೊಂಡ್ರಾ? 2021ರ ಅಕ್ಟೋಬರ್ 4 ನೆನಪಿಸಿಕೊಳ್ಳಿ. ನಮ್ಮಲ್ಲಿ ರಾತ್ರಿ ಒಂಬತ್ತು ದಾಟಿತ್ತು. ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ಮಾಯ. ಸುಮಾರು ಆರು ಗಂಟೆ. ನಿರ್ವಹಣೆಯ ಹೊತ್ತಲ್ಲಿ ಕೊಟ್ಟ ಒಂದು ತಪ್ಪು ಆದೇಶ ಅವರ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕವನ್ನೇ ಕಡಿದುಹಾಕಿತ್ತು. ಇಂಥ ಸಮಯಕ್ಕೆ ಅಂತಲೇ ಇಟ್ಟಿದ್ದ ಬೇರೆ ನಿರ್ವಹಣಾ ಜಾಲ ಇತ್ತಲ್ಲ, ಅದೂ ಕೈಗೆ ಸಿಗಲಿಲ್ಲ. ಕೊನೆಗೆ ಇಂಜಿನಿಯರ್‌ಗಳೇ ಡೇಟಾ ಸೆಂಟರ್‌ಗೆ ಹೋಗಬೇಕಾಯಿತು. ಅಲ್ಲಿನ ಬಿಗಿ ಭದ್ರತೆ ದಾಟಿ ಯಂತ್ರ ಮುಟ್ಟೋದಕ್ಕೇ ಹೊತ್ತು ಹಿಡಿಯಿತು. ಜಗತ್ತಿನ ಶ್ರೀಮಂತ ಕಂಪನಿಯೊಂದಕ್ಕೂ ಆ ರಾತ್ರಿ ಬೇಕಾಗಿದ್ದು ಬಾಗಿಲು ತೆಗೆಯೋ ಮನುಷ್ಯ.

ಹಾಗಂತ ಈ ದೂರದ ಬಾಗಿಲನ್ನು ಹಾರುಹೊಡೆದು ಇಡೋ ಹಾಗೂ ಇಲ್ಲ. ಬಿಎಂಸಿ ಕೈಗೆ ಸಿಕ್ಕರೆ ಕಳ್ಳನಿಗೆ ಇಡೀ ಸರ್ವರ್ ಸಿಕ್ಕ ಹಾಗೆ. ಎಚ್‌ಪಿಇಯ ಐಎಲ್‌ಒ 4ರಲ್ಲಿ ಒಂದು ದೋಷ ಇತ್ತು, 2017ರಲ್ಲಿ ಸರಿಪಡಿಸಿದರು. ಇಂಗ್ಲಿಷಿನ 'ಎ' ಅಕ್ಷರವನ್ನು 29 ಸಲ ಸೇರಿಸಿ ಒಂದು ಕೋರಿಕೆ ಕಳಿಸಿದರೆ ಪಾಸ್‌ವರ್ಡ್ ಇಲ್ಲದೇ ಒಳಗೆ ಬಿಡುತ್ತಿತ್ತು. ನಗು ಬರುತ್ತೆ ಅಲ್ವಾ? ಆ ಅಪ್‌ಡೇಟ್ ಹಾಕಿಕೊಳ್ಳದವರಿಗೆ ಅದು ನಗೋ ವಿಷಯವಲ್ಲ. ಡೆಲ್‌ನ ಹಳೆಯ ಸರ್ವರ್‌ಗಳಲ್ಲಿ ಕಾರ್ಖಾನೆಯಿಂದಲೇ ಬರುತ್ತಿದ್ದ ಹೆಸರು 'ರೂಟ್', ಪಾಸ್‌ವರ್ಡ್ 'ಕ್ಯಾಲ್ವಿನ್'. ಇದು ಊರಿಗೆಲ್ಲ ಗೊತ್ತಿರೋ ಗುಟ್ಟು. ಹಾಗಾಗಿ ಪಾಸ್‌ವರ್ಡ್ ಮೊದಲ ದಿನವೇ ಬದಲಾಯಿಸಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಬಿಎಂಸಿಯ ಪೋರ್ಟನ್ನು ನೇರವಾಗಿ ಇಂಟರ್ನೆಟ್‌ಗೆ ಎಂದೂ ಸಿಕ್ಕಿಸಬೇಡಿ. ಅದಕ್ಕೆ ಪ್ರತ್ಯೇಕ ಜಾಲ ಇರಲಿ, ಹೊರಗಿಂದ ಬರೋರು ವಿಪಿಎನ್ ಮೂಲಕ ಬರಲಿ.

ಕೊನೆಯದಾಗಿ ನಮ್ಮ ಟಿವಿಯವರಿಗೆ ಚೆನ್ನಾಗಿ ಗೊತ್ತಿರೋ ಒಂದು ರೋಗ. ಎಲ್ಲವೂ ಬ್ರೇಕಿಂಗ್ ನ್ಯೂಸ್ ಆದರೆ ಯಾವುದೂ ಬ್ರೇಕಿಂಗ್ ನ್ಯೂಸ್ ಅಲ್ಲ. ದಿನಕ್ಕೆ ಇನ್ನೂರು ಎಚ್ಚರಿಕೆ ಮೇಲ್ ಬಂದರೆ ಇಂಜಿನಿಯರ್ ಮೂರನೇ ದಿನ ಅದನ್ನೆಲ್ಲ ಬೇರೆ ಫೋಲ್ಡರ್‌ಗೆ ತಳ್ಳಿ ಮರೆಯುತ್ತಾನೆ. ಹುಲಿ ಬಂತು ಹುಲಿ ಕಥೆ ಗೊತ್ತಲ್ಲ? ಫ್ಯಾನ್ ಸ್ವಲ್ಪ ವೇಗ ಹೆಚ್ಚಿಸಿದ್ದು ಲಾಗ್‌ನಲ್ಲಿ ಕೂತಿರಲಿ. ಡಿಸ್ಕ್ ಕೆಟ್ಟದ್ದು, ಪವರ್ ಸಪ್ಲೈ ಹೋದದ್ದು, ಬಿಸಿ ಮಿತಿ ಮೀರಿದ್ದು ಮಾತ್ರ ಫೋನ್ ಬಡಿಯಲಿ, ರಾತ್ರಿ ಎರಡಾದರೂ ಸರಿ. ಬಡಿದಾಗ ಯಾರು ಏಳಬೇಕು ಅನ್ನೋದನ್ನು ಹಗಲಲ್ಲೇ ಬರೆದಿಟ್ಟುಕೊಳ್ಳಿ.

ಆ ಹುಡುಗನಿಗೆ ನಾನು ಫೋನ್ ಮಾಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಬೈಯಲಿಲ್ಲ. 'ಅಷ್ಟರ ಕೊಡ್ರೀ ಸರ್, ಟಿವ್ಯಾಗ ಬಂದಷ್ಟು' ಅಂದ. ನಲವತ್ತು ಸೆಕೆಂಡ್ ಕಳಿಸಿದೆ. ಅದರಲ್ಲಿ ಅಜ್ಜಿ ಅರ್ಧ ವಾಕ್ಯದಲ್ಲಿದ್ದಾಗ ನಾವು ಕಟ್ ಮಾಡಿದ್ದೆವು. ಆ ವಾಕ್ಯದ ಉಳಿದರ್ಧ ಏನಿತ್ತು ಅನ್ನೋದು ನನಗೂ ಈಗ ನೆನಪಿಲ್ಲ.

ಮುಂದಿನ ಸಲ ಯಾರಾದರೂ 'ಸರ್ವರ್ ಡೌನ್, ನಾಳೆ ಬನ್ನಿ' ಅಂದರೆ ಬೈದು ಜಗಳವಾಡಬೇಡಿ. ಕಿಟಕಿಯ ಹಿಂದೆ ಕೂತ ಗುಮಾಸ್ತರ ತಪ್ಪಿರೋದಿಲ್ಲ. ಅವರ ಮೇಲಧಿಕಾರಿಯನ್ನು ಹುಡುಕಿ ಒಂದೇ ಪ್ರಶ್ನೆ ಕೇಳಿ: 'ಸ್ವಾಮಿ, ಇದು ಕೆಡೋ ಮುಂಚೆ ಯಾರಿಗೆ ಮೇಲ್ ಕಳಿಸಿತ್ತು?'