ಮೀನಿಗಿಂತ ಮೊದಲು ನೀರು: ಮನೆಯ ಮೊದಲ ಅಲಂಕಾರಿಕ ಮೀನುತೊಟ್ಟಿಯ ಸಿದ್ಧತೆ ಮತ್ತು ನಿರ್ವಹಣೆ

ಶಿಕಾರಿಪುರ ತಾಲ್ಲೂಕಿನ ತೊಗರ್ಸಿ ಹಾಗೂ ನೆರೆಯ ಸೊರಬ ಭಾಗದ ಕೃಷಿಕರಿಗೆ ಮೀನು ಹೊಸದಲ್ಲ. ಕೆರೆಗಳಲ್ಲಿ ಕಾಟ್ಲಾ, ರೋಹು ಸಾಕಣೆ ಎಲ್ಲರಿಗೂ ಪರಿಚಿತ. ಆದರೆ ಮಕ್ಕಳ ಆಸೆಗೆಂದು ಮನೆಗೆ ತಂದ ಗಾಜಿನ ತೊಟ್ಟಿಯ ಮೀನುಗಳು ಎರಡು ಮೂರು ವಾರಗಳಲ್ಲಿಯೇ ಒಂದೊಂದಾಗಿ ಸಾಯುವುದು ಸಾಮಾನ್ಯ. ಇದನ್ನು ರೋಗವೆಂದು ಭಾವಿಸಿ ಔಷಧ ಹಾಕುವವರೂ ಇದ್ದಾರೆ. ಬಹುತೇಕ ಸಂದರ್ಭಗಳಲ್ಲಿ ಕಾರಣ ರೋಗವಲ್ಲ. ನೀರು ಸಿದ್ಧವಾಗುವ ಮೊದಲೇ ಮೀನು ಬಿಟ್ಟಿರುವುದು.

ತೊಟ್ಟಿಯಲ್ಲಿ ಸಾರಜನಕದ ಪರಿವರ್ತನೆ

ಮೆಕ್ಕೆಜೋಳದ ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಂ ರೂಪಕ್ಕೆ, ಅನಂತರ ಸೂಕ್ಷ್ಮಾಣುಗಳ ಮೂಲಕ ನೈಟ್ರೈಟ್ ಹಾಗೂ ನೈಟ್ರೇಟ್ ರೂಪಕ್ಕೆ ಬದಲಾಗುವುದು ರೈತರಿಗೆ ತಿಳಿದ ವಿಷಯ. ತೊಟ್ಟಿಯಲ್ಲಿ ನಡೆಯುವುದೂ ಇದೇ. ಮೀನಿನ ವಿಸರ್ಜನೆ ಮತ್ತು ಉಳಿದ ಆಹಾರದಿಂದ ಅಮೋನಿಯ ಉತ್ಪತ್ತಿಯಾಗುತ್ತದೆ. ಅಮೋನಿಯ ಮತ್ತು ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಮಣ್ಣಿನಲ್ಲಿ ಈ ಸೂಕ್ಷ್ಮಾಣುಗಳು ಮೊದಲೇ ಇರುತ್ತವೆ. ಹೊಸ ಗಾಜಿನ ತೊಟ್ಟಿಯಲ್ಲಿ ಅವು ಇರುವುದಿಲ್ಲ, ಬೆಳೆಸಿಕೊಳ್ಳಬೇಕು.

ನಿಂತ ನೀರಿನ ಗದ್ದೆಯ ಕೆಸರಿನಲ್ಲಿ ಆಮ್ಲಜನಕದ ಅಭಾವದಿಂದ ಈ ಪರಿವರ್ತನೆ ಕುಂಠಿತವಾಗುತ್ತದೆ. ತೊಟ್ಟಿಯಲ್ಲಿ ಹಾಗಾಗದಂತೆ ಫಿಲ್ಟರ್ ಹಗಲಿರುಳು ನಡೆಯುತ್ತಿರಬೇಕು.

ತೊಟ್ಟಿ ಮತ್ತು ಸ್ಥಳ

ಮೊದಲ ಬಾರಿಗೆ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿ ಸೂಕ್ತ. ಇದು ಸುಮಾರು 54 ಲೀಟರ್ ನೀರು ಹಿಡಿಯುತ್ತದೆ. ಚಿಕ್ಕ ಗಾಜಿನ ಬಟ್ಟಲು ಸುಲಭವೆನಿಸಿದರೂ ಅಲ್ಪ ನೀರಿನಲ್ಲಿ ಅಮೋನಿಯ ಬೇಗ ಏರುತ್ತದೆ. ನೀರು, ಜಲ್ಲಿ ಸೇರಿ ತೂಕ 60 ಕಿ.ಗ್ರಾಂ. ಮೀರುವುದರಿಂದ ಗಟ್ಟಿಯಾದ ಸಮತಟ್ಟು ಪೀಠವಿರಲಿ. ನೇರ ಬಿಸಿಲು ಬೀಳುವ ಕಡೆ ಇಟ್ಟರೆ ಪಾಚಿ ಕಟ್ಟುತ್ತದೆ.

ಉಷ್ಣವಲಯದ ಮೀನುಗಳಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಬೇಕು. ಚಳಿಗಾಲದ ರಾತ್ರಿಗಳಿಗಾಗಿ ಲೀಟರಿಗೆ ಸುಮಾರು 1 ವ್ಯಾಟ್‌ನಂತೆ 50 ವ್ಯಾಟ್‌ನ ಹೀಟರ್ ಅಳವಡಿಸಿ.

ನೀರಿನ ಗುಣ

ಮಲೆನಾಡು ಮತ್ತು ಬಯಲುಸೀಮೆ ಸೇರುವ ಈ ಭಾಗದಲ್ಲಿ ನೀರಿನ ಗುಣ ಒಂದೇ ಬಗೆಯದಲ್ಲ. ಬಳಸುವ ಮೊದಲು ಪರೀಕ್ಷಿಸಿ.

• ಕೊಳವೆಬಾವಿಯ ನೀರು ಗಡಸಾಗಿದ್ದರೆ ಗಪ್ಪಿ, ಮೋಲಿ, ಪ್ಲ್ಯಾಟಿ ಮೀನುಗಳಿಗೆ ಒಗ್ಗುತ್ತದೆ. ಆದರೆ ರಸಸಾರ (ಪಿ.ಎಚ್.) ಹೆಚ್ಚಿದ್ದಾಗ ಅಮೋನಿಯದ ವಿಷವೂ ಹೆಚ್ಚು.
• ಮಳೆನೀರು ಮೆದುವಾಗಿರುತ್ತದೆ. ಕೆಲವು ತೆರೆದ ಬಾವಿಗಳ ನೀರೂ ಹಾಗೆಯೇ. ಯೂರಿಯಾ ಬಳಕೆಯಿಂದ ಮಣ್ಣು ಹುಳಿಯಾಗುವಂತೆ, ಇಂತಹ ನೀರೂ ದಿನ ಕಳೆದಂತೆ ಹುಳಿಯಾಗಿ ಸೂಕ್ಷ್ಮಾಣುಗಳ ಕೆಲಸ ನಿಧಾನವಾಗುತ್ತದೆ. ಫಿಲ್ಟರಿನಲ್ಲಿ ಒಂದು ಹಿಡಿ ಸುಣ್ಣಕಲ್ಲಿನ ಚೂರು ಅಥವಾ ತೊಳೆದ ಚಿಪ್ಪು ಇಡಬಹುದು. ಸುಣ್ಣದ ಪುಡಿಯನ್ನು ಹಾಕಬಾರದು.
• ಬ್ಲೀಚಿಂಗ್ ಪುಡಿ ಬೆರೆತ ನಲ್ಲಿನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟು ಬಳಸಿ.

ಮೀನು ಬಿಡುವ ಮೊದಲ ನಾಲ್ಕರಿಂದ ಆರು ವಾರ

1. ಚೆನ್ನಾಗಿ ತೊಳೆದ ಜಲ್ಲಿ ಹರಡಿ, ನೀರು ತುಂಬಿ, ಫಿಲ್ಟರ್ ಮತ್ತು ಹೀಟರ್ ಚಾಲನೆ ಮಾಡಿ.
2. ಮೀನಿಲ್ಲದಿದ್ದರೂ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಸೂಕ್ಷ್ಮಾಣುಗಳಿಗೆ ಅಮೋನಿಯ ಒದಗಿಸುತ್ತದೆ.
3. ಆರೋಗ್ಯವಾಗಿರುವ ಹಳೆಯ ತೊಟ್ಟಿಯ ಸ್ಪಂಜಿನ ತುಂಡು ದೊರೆತರೆ ಫಿಲ್ಟರಿನಲ್ಲಿಡಿ. ಮೊಸರಿಗೆ ಹೆಪ್ಪು ಹಾಕಿದಂತೆ ಕೆಲಸ ಬೇಗ ಸಾಗುತ್ತದೆ.
4. ಮೊದಲ ದಿನಗಳಲ್ಲಿ ನೀರು ಹಾಲಿನಂತೆ ಮಸುಕಾಗಬಹುದು. ಗಾಬರಿಯಿಂದ ತೊಟ್ಟಿ ಬರಿದು ಮಾಡಿದರೆ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ.
5. ಪರೀಕ್ಷಾ ಕಿಟ್‌ನಲ್ಲಿ ಮೊದಲು ಅಮೋನಿಯ, ಬಳಿಕ ನೈಟ್ರೈಟ್ ಏರಿ ಇಳಿಯುವುದು ಕಾಣುತ್ತದೆ. ಆಹಾರ ಹಾಕುತ್ತಿದ್ದರೂ ಸತತ ಮೂರು ನಾಲ್ಕು ದಿನ ಎರಡೂ ಸೊನ್ನೆಯಿದ್ದು, ನೈಟ್ರೇಟ್ ಕಂಡುಬಂದರೆ ನೀರು ಸಿದ್ಧವೆಂದು ತಿಳಿಯಿರಿ. ಅರ್ಧದಷ್ಟು ನೀರು ಬದಲಿಸಿ ಮೀನು ಬಿಡಿ.

ಮೀನುಗಳ ಆಯ್ಕೆ

ಮೊದಲು ಐದಾರು ಗಪ್ಪಿ ಸಾಕು. ಎರಡು ವಾರ ನೀರು ಸರಿಯಿದ್ದರೆ ಇನ್ನು ಐದಾರು ಸೇರಿಸಬಹುದು. ಗಪ್ಪಿ ಬಹುಬೇಗ ಮರಿಹಾಕುವುದರಿಂದ ಗಂಡುಗಳನ್ನು ಮಾತ್ರ ತರುವುದು ಒಳಿತು. ಗೋಲ್ಡ್‌ಫಿಶ್ ತಂಪು ನೀರಿನ ಮೀನು. ದೊಡ್ಡದಾಗಿ ಬೆಳೆದು ಹೆಚ್ಚು ತ್ಯಾಜ್ಯ ಹೊರಹಾಕುವ ಕಾರಣ ಈ ತೊಟ್ಟಿಗೆ ಸಲ್ಲದು.

ಮೀನಿನ ಚೀಲವನ್ನು 15–20 ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಬೆರೆಸಿ, ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬಿಡಿ.

ನಿತ್ಯ ನಿರ್ವಹಣೆ

• ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರವನ್ನು ದಿನಕ್ಕೆ ಒಂದು ಅಥವಾ ಎರಡು ಬಾರಿ ಕೊಡಿ.
• ವಾರಕ್ಕೊಮ್ಮೆ 20–25 ಶೇಕಡಾ ನೀರು ಬದಲಿಸಿ. ಪೂರ್ತಿ ನೀರನ್ನು ಎಂದೂ ಬದಲಿಸಬೇಡಿ.
• ಸ್ಪಂಜನ್ನು ನಲ್ಲಿಯಡಿ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿ ಹಿಂಡಿ. ಸೂಕ್ಷ್ಮಾಣುಗಳ ನೆಲೆ ಅದೇ.
• ಮಳೆಗಾಲದಲ್ಲಿ ದೀರ್ಘಕಾಲ ವಿದ್ಯುತ್ ಹೋದಾಗ ಬ್ಯಾಟರಿಯ ಗಾಳಿ ಪಂಪ್ ಬಳಸಿ. ಆ ದಿನ ಆಹಾರ ಕೊಡಬೇಡಿ.
• ಬದಲಿಸಿದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಕೈತೋಟದ ಗಿಡಗಳಿಗೆ ಹಾಕಿ.

ಅಡಿಕೆ ಬೆಳೆಗಾರರ ಗಮನಕ್ಕೆ

ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ. ತಾಮ್ರದ ಅಲ್ಪಾಂಶವೂ ಮೀನಿಗೆ, ವಿಶೇಷವಾಗಿ ಮೆದು ನೀರಿನಲ್ಲಿ, ಮಾರಕ. ಔಷಧಿ ಕಲಸಿದ ಡ್ರಮ್, ಬಕೆಟ್, ಪೈಪುಗಳನ್ನು ಎಷ್ಟು ತೊಳೆದರೂ ತೊಟ್ಟಿಗೆ ಬಳಸಬೇಡಿ. ಸಿಂಪರಣೆಯಿಂದ ಬಂದವರು ಸ್ನಾನ ಮಾಡದೆ ತೊಟ್ಟಿಯಲ್ಲಿ ಕೈಯಿಡಬಾರದು. ಸೊಳ್ಳೆಬತ್ತಿ ಹಾಗೂ ಕೀಟನಾಶಕ ಸ್ಪ್ರೇಗಳನ್ನೂ ಆ ಕೋಣೆಯಲ್ಲಿ ಬಳಸದಿರಿ.

ಬೇಡವಾದ ಮೀನನ್ನು ಕೆರೆಗೆ ಬಿಡಬೇಡಿ

ಸಾಕಲಾಗದ ಮೀನನ್ನು ಕೊಲ್ಲಲು ಮನಸ್ಸಾಗದೆ ಕೆರೆಗೆ ಬಿಡುವುದು ಕರುಣೆಯಂತೆ ಕಂಡರೂ ಅದರ ಹಾನಿ ಊರಿಗೆ. ಗಾಜಿನ ಪಾಚಿ ತಿನ್ನಲೆಂದು ಮಾರುವ, ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ಹೀಗೆಯೇ ದಕ್ಷಿಣ ಭಾರತದ ಹಲವು ಕೆರೆಗಳನ್ನು ಸೇರಿದೆ. ಅದು ದಡದಲ್ಲಿ ಬಿಲ ತೋಡುತ್ತದೆ. ಅದರ ಮುಳ್ಳಿಗೆ ಬಲೆಗಳು ಹರಿಯುತ್ತವೆ. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದರೆ ಹಳ್ಳಗಳ ಮೂಲಕ ಕುಮುದ್ವತಿ, ದಂಡಾವತಿ ನದಿಗಳಿಗೂ ಅದು ಸಾಗಬಲ್ಲದು. ಒಮ್ಮೆ ನೆಲೆಯೂರಿದರೆ ನಿರ್ಮೂಲನೆ ಬಹು ಕಷ್ಟ. ಇಂತಹ ಮೀನನ್ನು ಅಂಗಡಿಗೆ ಮರಳಿಸಿ, ಇಲ್ಲವೇ ತೊಟ್ಟಿಯಿರುವ ಇನ್ನೊಬ್ಬರಿಗೆ ನೀಡಿ.

ವಿಸ್ತರಣಾ ಕಾರ್ಯಕರ್ತರು ಶಾಲೆಗಳಲ್ಲಿ ತೊಟ್ಟಿ ಇಡಿಸುವಾಗ ಈ ಎರಡು ಮಾತುಗಳನ್ನು ಮಕ್ಕಳಿಗೆ ಮೊದಲು ತಿಳಿಸಲಿ: ನೀರು ಸಿದ್ಧವಾಗುವವರೆಗೆ ಕಾಯಬೇಕು, ತೊಟ್ಟಿಯ ಮೀನು ಕೆರೆ ಸೇರಬಾರದು. ಅಲಂಕಾರಿಕ ಮೀನು ಸಾಕಣೆಯನ್ನು ಉಪಕಸುಬಾಗಿ ಕೈಗೊಳ್ಳಬಯಸುವವರು ಒಂದು ತೊಟ್ಟಿಯನ್ನು ಒಂದು ವರ್ಷ ಯಶಸ್ವಿಯಾಗಿ ನಿರ್ವಹಿಸಿದ ನಂತರವೇ ಬಂಡವಾಳ ಹೂಡುವುದು ಸೂಕ್ತ. ಹೆಚ್ಚಿನ ಮಾಹಿತಿಗಾಗಿ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.