ಉಕ್ಕಿನ ಶೆಡ್: ಅರ್ಧ ನಿಂತಾಗಲೇ ಅಪಾಯ

ಜನವಾಡ, ಭಾಲ್ಕಿ, ಔರಾದ ಭಾಗದಲ್ಲಿ ದಾಲ್‌ಮಿಲ್ಲು ಅಥವಾ ಗೋದಾಮಿಗೆ ಉಕ್ಕಿನ ಶೆಡ್ ಕಟ್ಟಿಸುವ ಉದ್ಯಮಿಗಳು ಟನ್ನಿನ ದರವನ್ನು ವಿಚಾರಿಸುವಷ್ಟು ಕಂಬ ನಿಲ್ಲಿಸುವ ಕ್ರಮವನ್ನು ವಿಚಾರಿಸುವುದಿಲ್ಲ. ಪೂರ್ಣಗೊಂಡ ಶೆಡ್ಡಿನಲ್ಲಿ ಗಾಳಿಯ ಒತ್ತಡವನ್ನು ಓರೆಯಾಗಿ ಬಿಗಿದ ಬ್ರೇಸಿಂಗ್ ನೆಲಕ್ಕಿಳಿಸುತ್ತದೆ. ಅದಿಲ್ಲದ ಚೌಕಟ್ಟುಗಳ ಸಾಲು ಏಪ್ರಿಲ್-ಮೇ ತಿಂಗಳ ಬಿರುಗಾಳಿಗೆ ಒಂದರ ಮೇಲೊಂದು ಉರುಳಬಹುದು. ಆಗ ಮೇಲಿರುವ ಕಾರ್ಮಿಕರ ಪ್ರಾಣಕ್ಕೇ ಸಂಚಕಾರ. ಆದುದರಿಂದ ಮೊದಲ ಎರಡು ಚೌಕಟ್ಟುಗಳ ನಡುವೆ ಬ್ರೇಸಿಂಗ್ ಬಿಗಿದು, ತೂಗುಗುಂಡಿನಿಂದ ಕಂಬದ ನೇರವನ್ನು ಪರೀಕ್ಷಿಸಿದ ನಂತರವೇ ಮೂರನೆಯದನ್ನು ಎತ್ತತಕ್ಕದ್ದು. ‘ತಗಡು ಹೊದಿಸಿದ ಮೇಲೆ ಹಾಕೋಣ’ ಎಂಬ ಮಾತನ್ನು ಒಪ್ಪಬಾರದು.

ಪಾಯದ ವಿಷಯವೂ ಗಮನಾರ್ಹ. ಬೀದರ ನಗರದ ಜಂಬಿಟ್ಟಿಗೆ ನೆಲದಂತಲ್ಲ ಎರೆಭೂಮಿ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಪಾಯವು ಆ ಪದರವನ್ನು ದಾಟಿ ಗಟ್ಟಿನೆಲವನ್ನು ಮುಟ್ಟಿರಬೇಕು. ಕಾಂಕ್ರೀಟಿನಲ್ಲಿ ಹೂತ ಬೋಲ್ಟುಗಳ ಅಂತರವನ್ನು ಕ್ರೇನ್ ಬರುವ ಮುನ್ನವೇ ಅಳೆಯುವುದು ಲೇಸು. ಅಳತೆ ತಪ್ಪಿದಾಗ ಗ್ಯಾಸ್ ಕಟ್ಟರಿನಿಂದ ತೂತು ಹಿಗ್ಗಿಸುವುದು ರೂಢಿಯಲ್ಲಿದೆಯಾದರೂ, ವಿನ್ಯಾಸಕಾರ ಇಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಅದಕ್ಕೆ ಅವಕಾಶ ನೀಡಬಾರದು.

ಉಕ್ಕಿನ ಕಟ್ಟಡಗಳಿಗೆ ಐಎಸ್ 800:2007, ಅವನ್ನು ಎತ್ತಿ ನಿಲ್ಲಿಸುವಾಗಿನ ಸುರಕ್ಷತೆಗೆ ಐಎಸ್ 7205:1974 ಎಂಬ ಭಾರತೀಯ ಮಾನಕಗಳಿವೆ. ಗುತ್ತಿಗೆ ಪತ್ರದಲ್ಲಿ ಇವೆರಡನ್ನೂ ನಮೂದಿಸಿ, ಕಂಬದ ನೇರ ಹಾಗೂ ಬೋಲ್ಟುಗಳ ಬಿಗಿತವನ್ನು ಇಂಜಿನಿಯರರು ದೃಢೀಕರಿಸಿದ ಮೇಲೆಯೇ ಕೊನೆಯ ಕಂತಿನ ಹಣವನ್ನು ಪಾವತಿಸುವುದು ಯುಕ್ತ.