ಇಂಜಿನ್ ಬದಲಾದರೂ ಪಿಕಪ್ ಬಾರದೇಕೆ?

ತುಮಕೂರು: ಹದಿನೈದಿಪ್ಪತ್ತು ವರ್ಷ ದುಡಿದ ಕಾರಿಗೆ ಸೆಕೆಂಡ್ ಹ್ಯಾಂಡ್ ಇಂಜಿನ್ ಕೂರಿಸಿ ಮನೆಗೆ ತಂದ ಮೇಲೂ ಅದು ಹೆಬ್ಬೂರಿನ ಹಾದಿಯಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಏದುಸಿರು ಬಿಟ್ಟರೆ, ಮಾಲೀಕನ ಅನುಮಾನ ಮೊದಲು ಹೋಗುವುದು ತಂದ ಇಂಜಿನ್ನಿನ ಮೇಲೆಯೇ. ಆ ಅನುಮಾನದಲ್ಲೇ ಅದನ್ನು ಮತ್ತೆ ಇಳಿಸಿದರೆ ಕೂಲಿ ಎರಡರಷ್ಟಾಗುತ್ತದೆ. ಎಷ್ಟೋ ವೇಳೆ ದೋಷವಿರುವುದು ಇಂಜಿನ್ನಿನ ಒಡಲಲ್ಲಲ್ಲ, ಅದನ್ನು ಕೂರಿಸುವಾಗ ಬಿಚ್ಚಿ ಜೋಡಿಸಿದ ಭಾಗಗಳಲ್ಲಿ.

1983ರಿಂದ 2014ರವರೆಗೆ ತಯಾರಾದ ಮಾರುತಿ 800 ಇದಕ್ಕೆ ಒಳ್ಳೆಯ ಉದಾಹರಣೆ. ಅದರ 796 ಸಿಸಿ, ಮೂರು ಸಿಲಿಂಡರಿನ ಇಂಜಿನ್ನಿನ ಗಾತ್ರವೇ ಓಮ್ನಿಯದೂ ಆಗಿರುವುದರಿಂದ ‘ಎರಡೂ ಒಂದೇ’ ಎಂಬ ಮಾತು ಕೇಳಿಬರುತ್ತದೆ. ಆದರೆ 800ರಲ್ಲಿ ಇಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರಗಳನ್ನು ತಿರುಗಿಸಿದರೆ, ಓಮ್ನಿಯಲ್ಲಿ ಉದ್ದಕ್ಕೆ ಕೂತು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಹೊರಗಿನ ಜೋಡಣೆ ಬೇರೆಯಾದಾಗ ಎಡವಟ್ಟಿಗೆ ಅವಕಾಶ ಹೆಚ್ಚು. ನಲವತ್ತು ಅಶ್ವಶಕ್ತಿಯ ಆಸುಪಾಸಿನ ಇಂಜಿನ್ನಿನಲ್ಲಿ ಐದಾರು ಕುದುರೆ ಕಾಣೆಯಾದರೂ, ಕುದುರೆ ಫಾರಂಗೆ ಹೆಸರಾದ ಕುಣಿಗಲ್ ತಲುಪುವ ಮುನ್ನವೇ ಚಾಲಕನಿಗೆ ಅದು ತಿಳಿಯುತ್ತದೆ.

ಮೊದಲು ನೋಡಬೇಕಾದುದು, ಶಕ್ತಿ ಹುಟ್ಟುತ್ತಿಲ್ಲವೋ ಅಥವಾ ಹುಟ್ಟಿದ ಶಕ್ತಿ ಚಕ್ರಕ್ಕೆ ತಲುಪುತ್ತಿಲ್ಲವೋ ಎಂಬುದನ್ನು. ಗುಬ್ಬಿ ರಸ್ತೆಯ ಸಮತಟ್ಟಾದ, ವಾಹನ ಕಡಿಮೆಯಿರುವ ಭಾಗದಲ್ಲಿ ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಕ್ಲಚ್ ಕೇಬಲ್ ಬಿಗಿಯಾಗಿರಬಹುದು, ಇಲ್ಲವೇ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಗುಲಿರಬಹುದು. ನ್ಯೂಟ್ರಲ್ ಮಾಡಿದೊಡನೆ ಕಾರು ಮುಗ್ಗರಿಸಿದಂತೆ ನಿಂತರೆ ಬ್ರೇಕ್ ಹಿಡಿದುಕೊಂಡಿದೆ.

ಆಕ್ಸಿಲರೇಟರ್ ಕೇಬಲ್ಲಿನ ಪರೀಕ್ಷೆಗೆ ಖರ್ಚೇ ಇಲ್ಲ. ಇಂಜಿನ್ ಆರಿಸಿ ಒಬ್ಬರು ಪೆಡಲ್ ಪೂರ್ತಿ ಒತ್ತಬೇಕು. ಇನ್ನೊಬ್ಬರು ಥ್ರಾಟಲ್ ತಟ್ಟೆ ಪೂರ್ತಿ ತೆರೆಯುವುದೇ ಎಂದು ನೋಡಬೇಕು. ಅರ್ಧ ಮಾತ್ರ ತೆರೆಯುವ ತಟ್ಟೆಯನ್ನು ಬಿಟ್ಟು ಪಿಸ್ಟನ್ನನ್ನು ದೂರುವುದು ವ್ಯರ್ಥ.

ಮುಖ್ಯ ಶಂಕಿತ ಟೈಮಿಂಗ್. ಕ್ರ್ಯಾಂಕ್ ಎರಡು ಸುತ್ತು ತಿರುಗುವಾಗ ಕ್ಯಾಮ್ ಒಂದು ಸುತ್ತು ತಿರುಗಬೇಕು. ಇವೆರಡನ್ನೂ ಬೆಸೆದಿರುವುದು ಹಲ್ಲಿನ ಬೆಲ್ಟು. ಬೆಲ್ಟು ಒಂದೇ ಹಲ್ಲು ತಪ್ಪಿ ಕೂತರೂ ಇಂಜಿನ್ ಸ್ಟಾರ್ಟ್ ಆಗುತ್ತದೆ, ನಿಂತಲ್ಲಿ ಬಹುತೇಕ ಸರಿಯಾಗಿಯೇ ಓಡುತ್ತದೆ, ಆದರೆ ಎಳೆಯುವುದಿಲ್ಲ. ಕಿಡಿಯ ಸಮಯವೂ ಹೀಗೆಯೇ. ಪಿಸ್ಟನ್ ಮೇಲಕ್ಕೆ ತಲುಪುವ ತುಸು ಮೊದಲೇ ಕಿಡಿ ಹಾರಬೇಕು, ಸುತ್ತು ಹೆಚ್ಚಿದಂತೆ ಇನ್ನೂ ಬೇಗ. ಡಿಸ್ಟ್ರಿಬ್ಯೂಟರಿಗೆ ಹೋಗುವ ವ್ಯಾಕ್ಯೂಮ್ ಪೈಪನ್ನು ಸಿಕ್ಕಿಸಲು ಮರೆತರೆ ಈ ಮುನ್ನಡೆ ಕುಂಟುತ್ತದೆ. ಕಿಡಿ ತಡವಾದರೆ ಕಾರು ಮಂಕಾಗಿ ಬಿಸಿಯೇರುತ್ತದೆ. ಅತಿ ಬೇಗವಾದರೆ ದೇವರಾಯನದುರ್ಗದಂಥ ಏರಿನಲ್ಲಿ ಇಂಜಿನ್ ಕುಟ್ಟುತ್ತದೆ. ಕಿವಿಯ ಅಂದಾಜಿಗಿಂತ ಟೈಮಿಂಗ್ ಲೈಟ್ ಹಿಡಿದು ನೋಡುವ ಮೆಕ್ಯಾನಿಕ್ಕನನ್ನು ನಂಬುವುದು ಲೇಸು.

ಇಂಜಿನ್ನಿಗಾಗಿ ತಿಂಗಳುಗಟ್ಟಲೆ ನಿಂತಿದ್ದ ಕಾರಿನ ಟ್ಯಾಂಕಿನಲ್ಲಿ ತುಕ್ಕು, ನೀರು ಸೇರಿರುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಇ20 ಪೆಟ್ರೋಲಿನಲ್ಲಿರುವ ಶೇ 20ರಷ್ಟು ಎಥನಾಲ್ ತೇವವನ್ನು ಸುಲಭವಾಗಿ ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳಿಗೂ ಒಗ್ಗದು. ಫಿಲ್ಟರ್ ಬದಲಿಸಿ, ಟ್ಯಾಂಕ್ ತೊಳೆಸದೆ ಕಾರ್ಬೊರೇಟರನ್ನು ತಿರುಚುವುದರಿಂದ ಪ್ರಯೋಜನವಿಲ್ಲ.

ಹೊಗೆ ತಪಾಸಣೆಯ ಚೀಟಿಯೂ ರೋಗ ಹೇಳುತ್ತದೆ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ ಶೇ 3. ಅದು ಮೀರಿದರೆ ಪೆಟ್ರೋಲ್ ಹೆಚ್ಚು ಸುರಿಯುತ್ತಿದೆ. ಅದು ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಪ್ಲಗ್ಗಿನ ಕಿಡಿ ತಪ್ಪುತ್ತಿರಬಹುದು ಅಥವಾ ಎಲ್ಲೋ ಗಾಳಿ ಸೋರಿ ಒಳನುಗ್ಗುತ್ತಿರಬಹುದು.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಕಂಪ್ರೆಷನ್ ಪರೀಕ್ಷೆ. ಮೂರೂ ಸಿಲಿಂಡರಿನಲ್ಲಿ ಒತ್ತಡ ಸಮನಾಗಿ ಕಡಿಮೆಯಿದ್ದರೆ ಬೆಲ್ಟಿನ ಗುರುತನ್ನು ಇನ್ನೊಮ್ಮೆ ನೋಡಬೇಕು. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು: ಒತ್ತಡ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ. ಆಗ ಇಂಜಿನ್ ಮಾರಿದವನ ಮುಂದೆ ಇಡಲು ಮಾಲೀಕನ ಕೈಯಲ್ಲಿ ಬರಿಯ ಮಾತಿನ ಬದಲು ಅಂಕಿಗಳಿರುತ್ತವೆ.

ಪಿಕಪ್ ಮರಳಿದ ಸಂತಸದಲ್ಲಿ ಕಾಗದಪತ್ರ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಬದಲಾವಣೆಯಾದ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ, ಹೊಸ ಇಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಇಂಜಿನ್ ಕೊಂಡ ರಸೀದಿಯನ್ನು ಅಲ್ಲಿಯವರೆಗಾದರೂ ಜೋಪಾನವಾಗಿಡಬೇಕು.